ಹಾಡು ಬಿಟ್ಟು ಉಳಿದದ್ದು

(ನಮ್ಮ ಬಡಾವಣೆಯ ಗ್ರಂಥಾಲಯದ ಮೇಲಿನ ಹಾಲ್‌ನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಸ್ಪೀಕರ್‌ನಲ್ಲಿ ಕೇಳಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮುಂಚೆ ಅರ್ಧ ನಿಮಿಷ ಒಂದು ತುಣುಕು ಕೇಳಿಸುತ್ತೇನೆ. ಯಾವುದು ಅಂತ ಹೇಳುವುದಿಲ್ಲ.

ತಾನ ನಾ, ತಾನ ನಾನ ನಾ…

ನೋಡಿ, ಎರಡನೇ ಸಾಲಿಗೇ ನಿಮ್ಮಲ್ಲಿ ಅರ್ಧ ಜನ ಗುನುಗಲು ಶುರು ಮಾಡಿದಿರಿ. 'ಮಾಲ್ಗುಡಿ ಡೇಸ್' ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಥೆ ಆರ್. ಕೆ. ನಾರಾಯಣ್ ಅವರದು, ರೇಖಾಚಿತ್ರ ಆರ್. ಕೆ. ಲಕ್ಷ್ಮಣ್ ಅವರದು, ನಿರ್ದೇಶನ ಶಂಕರ್ ನಾಗ್, ಊರು ಆಗುಂಬೆ. ಇಷ್ಟೂ ನಿಮ್ಮ ಬಾಯಿಂದಲೇ ಥಟ್ ಅಂತ ಬಂತು. ಸಂಗೀತ ಯಾರದು ಅಂತ ಕೇಳಿದೆ. ಹಾಲ್ ಸುಮ್ಮನಾಯಿತು. ಮೂರು ಕೈ ಮೇಲೆದ್ದವು, ಅದರಲ್ಲಿ ಒಂದು ಅನುಮಾನದ್ದು.

ಆ ಸಂಗೀತ ಎಲ್. ವೈದ್ಯನಾಥನ್ ಅವರದು. 1986ರಿಂದ ಈ ದನಿ ನಮ್ಮ ಕಿವಿಯಲ್ಲಿ ಮನೆ ಮಾಡಿಕೊಂಡಿದೆ. ಹೆಸರು ಮಾತ್ರ ಬಾಗಿಲ ಹೊರಗೇ ನಿಂತಿದೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇಷ್ಟೇ. ಸಿನಿಮಾಕ್ಕೆ, ಧಾರಾವಾಹಿಗೆ ಸಂಗೀತ ಮಾಡಿದವರನ್ನು ಪರದೆಯ ಆಚೆಗೂ ಹುಡುಕಿಕೊಂಡು ಹೋಗೋಣ. ಅವರ ಸಂಗೀತವನ್ನು ಸಂಗೀತ ಅಂತಲೇ ಕೇಳೋಣ.

ವೈದ್ಯನಾಥನ್ ಪಿಟೀಲಿನ ಮನೆಯವರು. ತಂದೆ ವಿ. ಲಕ್ಷ್ಮೀನಾರಾಯಣ ಅವರೇ ಗುರು. ತಮ್ಮಂದಿರು ಎಲ್. ಸುಬ್ರಹ್ಮಣ್ಯಂ ಮತ್ತು ಎಲ್. ಶಂಕರ್. ಆ ಇಬ್ಬರ ಪಿಟೀಲು ಪ್ರಪಂಚ ಸುತ್ತಿತು. ಅಣ್ಣ ಸಿನಿಮಾ ಕಡೆ ಬಂದರು. 1978ರ 'ಅಪರಿಚಿತ' ಅವರದೇ. ವಾಣಿ ಜಯರಾಂ ಹಾಡಿದ 'ಸವಿ ನೆನಪುಗಳು ಬೇಕು' ನಿಮಗೆಲ್ಲ ಗೊತ್ತಿದೆ. ಆದರೆ ಇವತ್ತು ಹಾಡು ಬೇಡ. ಹಾಡು ಬಿಟ್ಟು ಉಳಿದದ್ದು ಏನಿದೆಯೋ ಅದರ ಬಗ್ಗೆ ಮಾತಾಡೋಣ. ನಮ್ಮಲ್ಲಿ ಸಿನಿಮಾ ಸಂಗೀತ ಅಂದರೆ ಹಾಡು, ಅಲ್ವಾ? ಐದು ಹಾಡು ಹಿಟ್ ಆದರೆ ಸಂಗೀತ ಚೆನ್ನಾಗಿದೆ ಅಂತೀವಿ. ಐದು ಹಾಡು ಸೇರಿ ಇಪ್ಪತ್ತೈದು ನಿಮಿಷ. ಮಿಕ್ಕ ಎರಡು ಗಂಟೆ ನಮ್ಮ ಎದೆ ಬಡಿತವನ್ನು ಏರಿಸಿ ಇಳಿಸಿದ್ದು ಯಾರು ಅಂತ ಕೇಳುವುದೇ ಇಲ್ಲ.

ಅದಕ್ಕೇ 'ಪುಷ್ಪಕ ವಿಮಾನ'ವನ್ನು ತೆಗೆದುಕೊಳ್ಳುತ್ತೇನೆ. 1987ರ ಚಿತ್ರ, ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ. ನಮ್ಮ ಬೆಂಗಳೂರಿನ ರಸ್ತೆಗಳು, ನಮ್ಮ ವಿಂಡ್ಸರ್ ಮ್ಯಾನರ್. ಒಂದೇ ಒಂದು ಮಾತಿಲ್ಲ. ಮಾತಿಲ್ಲ ಅಂದ ಮೇಲೆ ಸಂಗೀತ ಊದಿ ಊದಿ ಜಾಗ ತುಂಬಿಸಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ. ವೈದ್ಯನಾಥನ್ ಹಾಗೆ ಮಾಡಲಿಲ್ಲ. ಬೀದಿಯ ಸದ್ದು, ಬಾಗಿಲ ಸದ್ದು, ಜನರ ಗಲಾಟೆಗೆ ಜಾಗ ಬಿಟ್ಟರು. ಅದೇ ಚಿತ್ರದಲ್ಲಿ ಒಂದು ಪ್ರಸಂಗ ಇದೆ. ಬಡ ನಾಯಕ ಹೇಗೋ ದೊಡ್ಡ ಹೋಟೆಲ್ ಸೇರಿಕೊಂಡಿದ್ದಾನೆ. ಮೆತ್ತನೆ ಹಾಸಿಗೆ. ಆದರೆ ನಿದ್ದೆ ಬರುತ್ತಿಲ್ಲ. ಯಾಕೆ? ಅಲ್ಲಿ ಸದ್ದೇ ಇಲ್ಲ. ಅವನು ತನ್ನ ಹಳೇ ಕೋಣೆಯ ಹತ್ತಿರದ ಗಲಾಟೆಯನ್ನು ಟೇಪ್‌ನಲ್ಲಿ ಹಿಡಿದು ತಂದು ಹಾಕಿಕೊಂಡು ಮಲಗುತ್ತಾನೆ. ನನಗೆ ಆ ದೃಶ್ಯ ತುಂಬಾ ಇಷ್ಟ. ಮನುಷ್ಯ ಕಿವಿಯಿಂದಲೂ ಒಂದು ಊರಿನಲ್ಲಿ ಬದುಕುತ್ತಾನೆ ಅನ್ನುವುದು ಅಲ್ಲಿದೆ. ಎಲ್ಲಿ ಸಂಗೀತ ಬೇಡ ಅಂತ ತೀರ್ಮಾನ ಮಾಡುವುದೂ ಸಂಗೀತಗಾರನ ಕೆಲಸವೇ.

ಈ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಸಿನಿಮಾದವರು ಇದನ್ನು ರೀ-ರೆಕಾರ್ಡಿಂಗ್ ಅಂತಾರೆ, ಇನ್ನೂ ಚಿಕ್ಕದಾಗಿ 'ಆರ್‌ಆರ್'. ಈಗಿನ ಹುಡುಗರ ಮಾತಲ್ಲಿ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ. ಫಿಲ್ಮಿನ ಕಾಲದಲ್ಲಿ ಸಿನಿಮಾ ರೀಲು ರೀಲಾಗಿ ಸ್ಟುಡಿಯೋಗೆ ಬರುತ್ತಿತ್ತು. ಒಂದು ರೀಲು ಅಂದರೆ ಸುಮಾರು ಹತ್ತು ನಿಮಿಷ. ಸಂಗೀತ ನಿರ್ದೇಶಕ ರೀಲು ನೋಡುತ್ತಾನೆ. ನಾಯಕಿ ತಿರುಗುವುದು ಎಷ್ಟನೇ ಸೆಕೆಂಡಿಗೆ, ಬಾಗಿಲು ಬಡಿದುಕೊಳ್ಳುವುದು ಎಷ್ಟನೇ ಸೆಕೆಂಡಿಗೆ, ಗುರುತು ಹಾಕಿಕೊಳ್ಳುತ್ತಾನೆ. ಆಮೇಲೆ ಪಿಟೀಲಿಗೆ ಏನು, ಕೊಳಲಿಗೆ ಏನು, ತಬಲಕ್ಕೆ ಏನು ಅಂತ ನೊಟೇಷನ್ ಬರೆಯುತ್ತಾನೆ. ಹಾಲ್‌ನಲ್ಲಿ ವಾದ್ಯದವರು ಕಾಯುತ್ತಿರುತ್ತಾರೆ. ಹಾಳೆ ಹಂಚುತ್ತಾರೆ. ಪರದೆ ಮೇಲೆ ಚಿತ್ರ ಓಡುತ್ತದೆ, ಇವರು ನುಡಿಸುತ್ತಾರೆ. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ಬಿಡುಗಡೆಯ ದಿನ ಮೊದಲೇ ಗೊತ್ತಾಗಿರುತ್ತದೆ, ಚಿತ್ರೀಕರಣ ತಡವಾಗಿರುತ್ತದೆ, ಆ ತಡವೆಲ್ಲ ಕೊನೆಗೆ ಬಂದು ಬೀಳುವುದು ಸಂಗೀತದವರ ತಲೆ ಮೇಲೆ. ಇಷ್ಟು ಒತ್ತಡದಲ್ಲಿ ಹುಟ್ಟಿದ ಒಂದೂವರೆ ನಿಮಿಷದ ಕೊಳಲನ್ನು ನಾವು ನಲವತ್ತು ವರ್ಷ ಆದಮೇಲೂ ಗುನುಗುತ್ತೇವೆ.

ಇದಕ್ಕೆ ನಮ್ಮ ದೇಶದ ಪ್ರಶಸ್ತಿಗಳಲ್ಲೂ ಬೇರೆ ಜಾಗ ಸಿಕ್ಕಿದ್ದು ತೀರಾ ತಡವಾಗಿ. 2009ರ ಚಿತ್ರಗಳಿಗೆ ಕೊಟ್ಟ 57ನೇ ರಾಷ್ಟ್ರೀಯ ಪ್ರಶಸ್ತಿಯಿಂದ ಹಾಡಿಗೆ ಒಂದು, ಹಿನ್ನೆಲೆ ಸಂಗೀತಕ್ಕೆ ಒಂದು ಅಂತ ಬೇರೆ ಬೇರೆ ಕೊಡತೊಡಗಿದರು. ಆ ವರ್ಷದ ಹಿನ್ನೆಲೆ ಸಂಗೀತದ ಪ್ರಶಸ್ತಿ ಮಲಯಾಳಂನ 'ಪಳಸ್ಸಿ ರಾಜ' ಚಿತ್ರಕ್ಕಾಗಿ ಇಳಯರಾಜಾ ಅವರಿಗೆ ಹೋಯಿತು.

ಇಳಯರಾಜಾ ಹೆಸರು ಬಂತು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಬೇಜಾರಿಲ್ಲ ತಾನೇ?

ಅವರು ಪಣ್ಣೈಪುರಂ ಅನ್ನೋ ಹಳ್ಳಿಯಿಂದ ಮದ್ರಾಸಿಗೆ ಬಂದವರು. ಅಲ್ಲಿ ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತರು. ಹೊಟ್ಟೆಪಾಡಿಗೆ ಗಿಟಾರ್, ಕೀಬೋರ್ಡ್ ನುಡಿಸಿದರು. ಯಾರ ಹತ್ತಿರ? ನಮ್ಮ ಜಿ. ಕೆ. ವೆಂಕಟೇಶ್ ಹತ್ತಿರ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ'ದ ಜಿ. ಕೆ. ವೆಂಕಟೇಶ್. ಆಮೇಲೆ ಅವರಿಗೇ ಸಹಾಯಕರಾದರು. 1976ರಲ್ಲಿ ತಮಿಳಿನ 'ಅನ್ನಕ್ಕಿಳಿ'ಯಿಂದ ಸ್ವಂತವಾಗಿ ಶುರು ಮಾಡುವ ಮುಂಚೆ ಅವರ ಕೈ ಪಳಗಿದ್ದು ಕನ್ನಡ ಹಾಡುಗಳ ಮೇಲೂ ಹೌದು. ನಮಗೆ ಇದರ ಬಗ್ಗೆ ಹೆಮ್ಮೆ ಇರಬೇಕು.

1983ರಲ್ಲಿ 'ಪಲ್ಲವಿ ಅನುಪಲ್ಲವಿ' ಬಂತು. ಮಣಿರತ್ನಂ ಅವರ ಮೊದಲ ಚಿತ್ರ, ಕನ್ನಡದ್ದು. ಅದರ ಸಂಗೀತದ ಒಂದು ತುಣುಕು ಎಷ್ಟೋ ವರ್ಷ ಆದಮೇಲೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿನ ದನಿಯಾಯಿತು. ದೇಶದ ತುಂಬ ಜನರ ಜೇಬಿನಲ್ಲಿ ಅದು ರಿಂಗ್ ಆಯಿತು. ಅದು ಕನ್ನಡ ಸಿನಿಮಾದ್ದು ಅಂತ ಎಷ್ಟು ಜನಕ್ಕೆ ಗೊತ್ತಿತ್ತು? ಸಿನಿಮಾ ನೋಡದವರಿಗೂ, ಕನ್ನಡ ಬಾರದವರಿಗೂ ಆ ನಾಲ್ಕು ಸ್ವರ ಸಾಕಾಯಿತು. ಸಂಗೀತ ಚಿತ್ರದಿಂದ ಎದ್ದು ತನ್ನ ಕಾಲಿನ ಮೇಲೆ ನಡೆದುಬಿಟ್ಟಿತು.

ಈಗ ನನ್ನ ಮನೆಯ ಕಥೆ. ನಮ್ಮಣ್ಣ ಮದ್ರಾಸಿನಿಂದ ಒಂದು ಕ್ಯಾಸೆಟ್ ತಂದಿದ್ದ. ಹೆಸರು 'ಹೌ ಟು ನೇಮ್ ಇಟ್'. ಇಳಯರಾಜಾ ಅಂತ ನೋಡಿ ಆಸೆಯಿಂದ ಹಾಕಿದೆ. ಹಾಡು ಬರಲಿಲ್ಲ. ಮುಂದಕ್ಕೆ ಓಡಿಸಿದೆ. ಹಾಡಿಲ್ಲ. ಬದಿ ತಿರುಗಿಸಿದೆ. ಬರೀ ಪಿಟೀಲು. ಎತ್ತಿ ಡಬ್ಬಿಯಲ್ಲಿಟ್ಟೆ. ಎಷ್ಟೋ ವರ್ಷ ಅದು ಅಲ್ಲೇ ಇತ್ತು. ಆಮೇಲೊಂದು ಮಳೆಗಾಲ ಅಪ್ಪನ ಆರೋಗ್ಯ ಕೆಟ್ಟಿತ್ತು. ರಾತ್ರಿ ಎಚ್ಚರ ಇರಬೇಕಿತ್ತು. ಮಾತು ಕೇಳುವ ಮನಸ್ಸಿರಲಿಲ್ಲ. ಮಾತಿಲ್ಲದ್ದು ಏನಾದರೂ ಇದೆಯಾ ಅಂತ ಡಬ್ಬಿ ತಡಕಾಡಿದಾಗ ಅದು ಕೈಗೆ ಬಂತು. ದನಿ ತೀರಾ ಸಣ್ಣಗೆ ಇಟ್ಟುಕೊಂಡು ಕೇಳಿದೆ. ಅವತ್ತು ಅದು ಬೇರೆಯೇ ಕ್ಯಾಸೆಟ್ ಆಗಿತ್ತು.

ಅದು 1986ರದು. ತ್ಯಾಗರಾಜರಿಗೂ ಬಾಖ್‌ಗೂ ಸೇರಿಸಿ ಅರ್ಪಣೆ ಮಾಡಿದ್ದಾರೆ. ಒಬ್ಬರು ತಿರುವಯ್ಯಾರಿನವರು, ಇನ್ನೊಬ್ಬರು ಜರ್ಮನಿಯ ಸಂಗೀತಗಾರರು. ಪಿಟೀಲು ವಿ. ಎಸ್. ನರಸಿಂಹನ್ ಅವರದು. ಅದರಲ್ಲೊಂದು ತುಣುಕಿನ ಹೆಸರು 'ಐ ಮೆಟ್ ಬಾಖ್ ಇನ್ ಮೈ ಹೌಸ್'. ನಮ್ಮನೆಯಲ್ಲಿ ಬಾಖ್ ಸಿಕ್ಕಿದ್ದರು ಅಂತ. ಬಾಖ್ ಒಂಟಿ ಪಿಟೀಲಿಗೆ ಬರೆದ ಮೂರನೇ ಪಾರ್ಟಿಟಾ ಅಂತ ಇದೆ, ಹಲವು ಸಣ್ಣ ಭಾಗಗಳ ಕೃತಿ ಅದು. ಅದರ ಮೊದಲ ಭಾಗ ಒಂದೇ ಉಸಿರಿಗೆ ಓಡುತ್ತದೆ. ಮಕ್ಕಳು ಇಳಿಜಾರಿನಲ್ಲಿ ಓಡಿದ ಹಾಗೆ, ನಿಲ್ಲೋದೇ ಇಲ್ಲ. ಬಾಖ್ ಅದನ್ನು ಬೇರೆ ಯಾವ ವಾದ್ಯವೂ ಬೇಡ ಅಂತಲೇ ಬರೆದಿದ್ದರು. ಇಳಯರಾಜಾ ಅದನ್ನು ಹಾಗೇ ಓಡಲು ಬಿಟ್ಟು, ಸುತ್ತಲೂ ತಮ್ಮ ತಂತಿವಾದ್ಯಗಳನ್ನು ತಂದು ಕೂರಿಸುತ್ತಾರೆ. (ಹಾಲ್‌ನಲ್ಲಿ ಮೊದಲು ಬಾಖ್ ಒಬ್ಬರದೇ ಕೇಳಿಸಿದೆ, ಆಮೇಲೆ ಇದನ್ನು.) ಕೇಳಿದಿರಲ್ಲ, ಅತಿಥಿಯ ಮಾತಿಗೆ ಅಡ್ಡ ಬರುವುದಿಲ್ಲ ಅವರು. ಹೂಂ ಅಂತಾರೆ, ತಲೆದೂಗುತ್ತಾರೆ, ನಡುವೆ ತಮ್ಮದೊಂದು ಮಾತು ಸೇರಿಸುತ್ತಾರೆ. ಮುಂದಿನ ತುಣುಕಿನ ಹೆಸರೇ 'ಅಂಡ್ ವಿ ಹ್ಯಾಡ್ ಎ ಟಾಕ್'. ಆಮೇಲೆ ನಾವು ಮಾತಾಡಿದೆವು ಅಂತ. ಮನೆಗೆ ಬಂದವರನ್ನು ಮಾತಾಡಿಸದೆ ಕಳಿಸುತ್ತೀವಾ?

ಇಷ್ಟು ಗೊತ್ತಾದ ಮೇಲೆ ಅವರ ಸಿನಿಮಾಗಳಿಗೆ ವಾಪಸ್ ಹೋಗಿ ನೋಡಿ. ಹಾಡಿನ ಚರಣಕ್ಕೆ ಮುಂಚೆ ಬರುವ ಪಿಟೀಲುಗಳು ಎರಡು ಸಾಲಾಗಿ ಒಂದರ ಹಿಂದೊಂದು ಹೋಗುವುದು ಕೇಳಿಸುತ್ತದೆ. ಅದು ಬಾಖ್ ಹತ್ತಿರ ಕಲಿತ ದಾರಿ. ಮುಂಚೆಯೂ ಅದು ಅಲ್ಲೇ ಇತ್ತು. ನಮಗೆ ಕೇಳಿಸುತ್ತಿರಲಿಲ್ಲ. ನನಗೆ ಸಿನಿಮಾದ ಆಚೆಗಿನ ಸಂಗೀತ ಕೇಳಬೇಕು ಅನ್ನಿಸುವುದು ಇದಕ್ಕೇ. ಅದನ್ನು ಕೇಳಿದ ಮೇಲೆ ಸಿನಿಮಾದ ಸಂಗೀತವೂ ದೊಡ್ಡದಾಗುತ್ತದೆ.

1988ರಲ್ಲಿ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನ ಜೊತೆ 'ನಥಿಂಗ್ ಬಟ್ ವಿಂಡ್' ಮಾಡಿದರು. 2005ರಲ್ಲಿ ಮಾಣಿಕ್ಕವಾಸಗರ್ ಅವರ ತಮಿಳು ಶಿವಭಕ್ತಿ ಪದ್ಯಗಳಾದ ತಿರುವಾಸಗಂ, ಬುಡಾಪೆಸ್ಟ್ ಸಿಂಫನಿ ಆರ್ಕೆಸ್ಟ್ರಾ ಜೊತೆ. 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಕನ್ಸರ್ಟ್ ಆರ್ಕೆಸ್ಟ್ರಾ ಅವರ 'ವೇಲಿಯಂಟ್' ಸಿಂಫನಿ, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿ, ನುಡಿಸಿತು. ಆಗ ಅವರಿಗೆ ಎಂಬತ್ತು ದಾಟಿತ್ತು. ಸಿನಿಮಾ ಅವರಿಗೆ ಎಲ್ಲವನ್ನೂ ಕೊಟ್ಟಿದೆ. ಹೆಸರು, ದುಡ್ಡು, ಕೋಟಿ ಜನರ ಪ್ರೀತಿ. ಆದರೂ ಯಾವ ನಿರ್ಮಾಪಕನೂ ಕೇಳದ, ಯಾವ ದೃಶ್ಯವೂ ಇಲ್ಲದ ಒಂದು ಸಂಗೀತವನ್ನು ಆ ವಯಸ್ಸಿನಲ್ಲಿ ಬರೆಯಬೇಕು ಅನ್ನಿಸಿತಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇಟಲಿಯಲ್ಲೂ ಹೀಗೇ ಒಬ್ಬರಿದ್ದರು. ಎನ್ಯೊ ಮೊರಿಕೋನೆ. ಕುದುರೆ ಸವಾರರ ಸಿನಿಮಾಗಳ ಆ ಶಿಳ್ಳೆ ಸಂಗೀತ ಅಂದರೆ ನೆನಪಾಗುತ್ತದೆ. ನಿರ್ದೇಶಕ ಸೆರ್ಜಿಯೊ ಲಿಯೋನೆ ಅವರ ಪ್ರೈಮರಿ ಸ್ಕೂಲ್ ಜೊತೆಗಾರ. 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಚಿತ್ರಕ್ಕೆ ಸಂಗೀತವೇ ಮೊದಲು ಆಯಿತು, ಅದನ್ನು ಸೆಟ್‌ನಲ್ಲಿ ಹಾಕಿಕೊಂಡು ನಟರನ್ನು ನಡೆಸಿದರು. ಇಳಯರಾಜಾ ಹಾಗೇ ಅವರೂ ಪಿಯಾನೋ ಮುಂದೆ ತಡಕಾಡುವವರಲ್ಲ. ಮೇಜಿನ ಮುಂದೆ ಕೂತು, ಪತ್ರ ಬರೆದ ಹಾಗೆ ಸಂಗೀತ ಬರೆಯುವವರು. ಸಿನಿಮಾಕ್ಕೆ ಅಂತ ಅಲ್ಲದೆ ಬರೆದದ್ದನ್ನು 'ಅಬ್ಸಲ್ಯೂಟ್' ಸಂಗೀತ ಅಂತ ಬೇರೆ ಇಟ್ಟಿದ್ದರು. ಅದು ಹಾಡಿನಂತೆ ಸುಲಭ ಅಲ್ಲ. ಕೆಲವು ಕಡೆ ಕಿವಿಗೆ ಚುಚ್ಚುತ್ತದೆ. ಒಂದು ಸಲಕ್ಕೆ ಬಿಡಬೇಡಿ.

ಮತ್ತೆ ನಮ್ಮ ಕಡೆ ಬರೋಣ. ಸಿನಿಮಾದಿಂದ ಆಚೆ ಹೋಗುವ ದಾರಿ ಒಂದಾದರೆ, ಆಚೆಯಿಂದ ಸಿನಿಮಾಕ್ಕೆ ಬಂದವರದು ಇನ್ನೊಂದು.

'ಪಥೇರ್ ಪಾಂಚಾಲಿ', ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ, 1955. ರವಿಶಂಕರ್ ಸಂಗೀತ. ಕೊನೆ ಭಾಗದ ಒಂದು ದೃಶ್ಯ ಹೇಳುತ್ತೇನೆ. ಅಪ್ಪ ಹರಿಹರ ಬಹಳ ದಿನದ ಮೇಲೆ ಊರಿಗೆ ಬಂದಿದ್ದಾನೆ. ಮಳೆಗೆ ಮನೆ ಬಿದ್ದುಹೋಗಿದೆ. ಮಗಳು ದುರ್ಗಾ ತೀರಿಕೊಂಡಿದ್ದಾಳೆ, ಅವನಿಗೆ ಗೊತ್ತಿಲ್ಲ. ತಂದ ಸಾಮಾನು ಒಂದೊಂದೇ ತೆಗೆದು ಹೆಂಡತಿಗೆ ತೋರಿಸುತ್ತಾನೆ. ಮಗಳಿಗೆ ಅಂತ ತಂದ ಸೀರೆ ಕೈಗೆ ಕೊಡುತ್ತಾನೆ. ಅಷ್ಟು ಹೊತ್ತು ಕಲ್ಲಿನಂತಿದ್ದ ತಾಯಿ ಸೀರೆ ಕಚ್ಚಿಕೊಂಡು ಕುಸಿಯುತ್ತಾಳೆ. ಅವಳ ಅಳು ನಮಗೆ ಕೇಳಿಸುವುದಿಲ್ಲ. ಆ ಜಾಗದಲ್ಲಿ ತಾರ್ ಶಹನಾಯಿ ಬರುತ್ತದೆ. ಹೆಸರಲ್ಲಿ ಶಹನಾಯಿ ಇದ್ದರೂ ಅದು ಊದುವ ವಾದ್ಯ ಅಲ್ಲ. ಕಮಾನಿನಿಂದ ನುಡಿಸುವ ಎಸ್ರಾಜ್‌ಗೆ ಗ್ರಾಮಫೋನಿನಂಥ ಕೊಂಬು ಸೇರಿಸಿದ್ದು. ರಾಗ ಪಟದೀಪ್, ಮೇಲಿನ ಸ್ಥಾಯಿಯಲ್ಲಿ.

ಹಾಲ್‌ನಲ್ಲಿ ಇದನ್ನು ಚಿತ್ರವಿಲ್ಲದೆ ಬರೀ ದನಿಯಾಗಿ ಕೇಳಿಸಿದೆ. ಆಮೇಲೆ ದನಿ ತೆಗೆದು ಬರೀ ಚಿತ್ರ ತೋರಿಸಿದೆ. ದನಿ ಇಲ್ಲದ ಚಿತ್ರ ನೋಡಿದಾಗಲೂ ಪಟದೀಪ್ ಕೇಳಿಸುತ್ತಲೇ ಇತ್ತು ಅಂತ ಮೊದಲ ಸಾಲಿನ ಅಮ್ಮ ಒಬ್ಬರು ಹೇಳಿದರು. ನನಗೂ ಹಾಗೇ.

ಸತ್ಯಜಿತ್ ರಾಯ್ ಅವರ 'ದೇವಿ'ಗೆ (1960) ಸಂಗೀತ ಕೊಟ್ಟವರು ಸರೋದಿನ ಅಲಿ ಅಕ್ಬರ್ ಖಾನ್. ಅವರ ಶಿಷ್ಯರು ನಮ್ಮ ರಾಜೀವ ತಾರಾನಾಥ್. ಕನ್ನಡದ 'ಸಂಸ್ಕಾರ'ಕ್ಕೆ (1970) ಸಂಗೀತ ಮಾಡಿದವರು ಅವರೇ. ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರಾಗಿದ್ದವರು, ಅದನ್ನು ಬಿಟ್ಟು ಸರೋದ್ ಹಿಡಿದರು. ಕನ್ನಡದ 'ಪಲ್ಲವಿ' ಚಿತ್ರಕ್ಕೆ, ಮಲಯಾಳಂನಲ್ಲಿ ಅರವಿಂದನ್ ಅವರ 'ಕಾಂಚನ ಸೀತ'ಕ್ಕೂ ಸಂಗೀತ ಕೊಟ್ಟರು. 2024ರ ಜೂನ್‌ನಲ್ಲಿ ಮೈಸೂರಿನಲ್ಲಿ ತೀರಿಕೊಂಡರು. 'ಸಂಸ್ಕಾರ' ನೋಡಿದ ಎಷ್ಟೋ ಜನ ಅವರ ಸರೋದ್ ಕಛೇರಿ ಕೇಳಿಲ್ಲ. ಕಛೇರಿಗೆ ತಪ್ಪದೆ ಹೋಗುತ್ತಿದ್ದ ಎಷ್ಟೋ ಜನಕ್ಕೆ 'ಸಂಸ್ಕಾರ'ದ ವಿಷಯ ಗೊತ್ತಿಲ್ಲ. ಈ ಎರಡು ಗುಂಪು ಒಂದು ದಿನ ಒಂದೇ ಹಾಲ್‌ನಲ್ಲಿ ಕೂರಬೇಕು ಅಂತ ನನ್ನ ಆಸೆ.

ಬಿ. ವಿ. ಕಾರಂತರ ಬಗ್ಗೆ ಹೇಳಲು ಒಂದು ಸಂಜೆ ಬೇರೆಯೇ ಬೇಕು. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಎರಡಕ್ಕೂ, ಸಾಲಾಗಿ ಎರಡು ವರ್ಷ, ಸಂಗೀತಕ್ಕೆ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಅವರಿಗೆ. ಆದರೆ ಅವರ ಸಂಗೀತದ ಮನೆ ನಾಟಕ. ಕಲ್ಲು, ಬಿದಿರು, ಪಾತ್ರೆ, ಕೈಗೆ ಏನು ಸಿಕ್ಕಿದರೂ ಅದರಿಂದ ಸದ್ದು ಹೊರಡಿಸಿ ನೋಡುವವರು. 'ಹಯವದನ', 'ಸತ್ತವರ ನೆರಳು' ನೋಡಿದವರು ಇಲ್ಲಿ ಇದ್ದೀರಿ. ಆ ಹಾಡುಗಳು ಇವತ್ತಿಗೂ ಹವ್ಯಾಸಿ ತಂಡಗಳ ಬಾಯಲ್ಲಿವೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಎಲ್ಲ ಹಿನ್ನೆಲೆ ಸಂಗೀತವೂ ಚಿತ್ರ ಬಿಟ್ಟು ನಿಲ್ಲುವುದಿಲ್ಲ. ಬಹಳಷ್ಟು ಗೋಡೆಯ ಗಾರೆ ಇದ್ದಂತೆ. ಗೋಡೆಗೆ ಅದು ಬೇಕೇ ಬೇಕು, ಬೇರೆ ತೆಗೆದಿಟ್ಟರೆ ಪುಡಿ. ಒಂದು ಚಿತ್ರದ ಬಿಜಿಎಂ ಪೂರ್ತಿ ಒಂದು ಗಂಟೆ ಹಾಕಿಕೊಂಡು ಕೂತರೆ ಬೇಜಾರಾಗಬಹುದು. ಅದು ನಿಮ್ಮ ತಪ್ಪಲ್ಲ, ಸಂಗೀತದ ತಪ್ಪೂ ಅಲ್ಲ. ಸಂಗೀತಗಾರರಿಗೂ ಇದು ಗೊತ್ತು. ವಿಯೆನ್ನಾದ ಕಾರ್ನ್‌ಗೋಲ್ಡ್ ಅನ್ನುವ ಸಂಗೀತಗಾರರು ಯೆಹೂದಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾ ನುಂಗಿದಾಗ ಅವರು ಹಾಲಿವುಡ್‌ನಲ್ಲೇ ಉಳಿಯಬೇಕಾಯಿತು. ಹಿಟ್ಲರ್ ಹೋಗುವವರೆಗೆ ಕಛೇರಿ ಸಂಗೀತ ಬರೆಯುವುದಿಲ್ಲ ಅಂತ ಕೂತರು, ಸಿನಿಮಾಕ್ಕೆ ಮಾತ್ರ ಬರೆದರು. ಯುದ್ಧ ಮುಗಿದ ಮೇಲೆ ಆ ಸಿನಿಮಾ ರಾಗಗಳನ್ನೇ ಆರಿಸಿ, ಬೆಳೆಸಿ, ಪಿಟೀಲು ಕನ್ಚೆರ್ಟೊ ಮಾಡಿದರು, ಅಂದರೆ ವಾದ್ಯವೃಂದದ ಮುಂದೆ ಒಂದು ಪಿಟೀಲು ನುಡಿಸುವ ಕೃತಿ. 1947ರಲ್ಲಿ ಅದನ್ನು ಮೊದಲ ಸಲ ನುಡಿಸಿದವರು ಹೆಸರಾಂತ ಪಿಟೀಲುಗಾರ ಯಾಶಾ ಹೈಫೆಟ್ಜ್. ಆಗ ವಿಮರ್ಶಕರು ಮೂಗು ಮುರಿದರು. ಈಗ ಜಗತ್ತಿನ ದೊಡ್ಡ ದೊಡ್ಡ ಪಿಟೀಲುಗಾರರೆಲ್ಲ ಅದನ್ನು ನುಡಿಸುತ್ತಾರೆ. 'ಸಿನಿಮಾ ಟ್ಯೂನ್' ಅಂತ ನಮ್ಮಲ್ಲೂ ಮೂಗು ಮುರಿಯುವವರಿದ್ದಾರೆ. ಅವರಿಗೆ ಇದನ್ನು ಕೇಳಿಸಬೇಕು.

ನುಡಿಸಿದವರನ್ನೂ ಮರೆಯಬಾರದು. 'ಹೌ ಟು ನೇಮ್ ಇಟ್' ನುಡಿಸಿದ ನರಸಿಂಹನ್ ಅವರಂಥವರು ದಿನಗಟ್ಟಲೆ ಸ್ಟುಡಿಯೋದಲ್ಲಿ ಬೇರೆಯವರ ಹಾಳೆ ಓದಿ ನುಡಿಸಿದವರು. ಅವರೇ ಮುಂದೆ ಮದ್ರಾಸ್ ಸ್ಟ್ರಿಂಗ್ ಕ್ವಾರ್ಟೆಟ್ ಕಟ್ಟಿ, ನಾಲ್ಕು ತಂತಿವಾದ್ಯಗಳಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ನುಡಿಸಿದರು. ಎಲ್ಲಾದರೂ ಸಿಕ್ಕಿದರೆ ಕೇಳಿ.

ಮಾತು ಮುಗಿದ ಮೇಲೆ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಇಷ್ಟೆಲ್ಲ ಹೆಸರು ಹೇಳಿದ್ರಿ. ನಾನು ಎಲ್ಲಿಂದ ಶುರು ಮಾಡ್ಲಿ?" ಅಂತ ಕೇಳಿದಳು. ನಿನಗೆ ಈಗಾಗಲೇ ಇಷ್ಟ ಇರುವ ಒಂದು ಸಿನಿಮಾದಿಂದ ಅಂದೆ. ಅದರಲ್ಲಿ ನಿನ್ನ ಮೈ ಜುಂ ಅಂದ ಒಂದು ದೃಶ್ಯ ಹುಡುಕು. ಫೋನ್ ಬೋರಲು ಹಾಕಿ ಇಯರ್‌ಫೋನ್‌ನಲ್ಲಿ ಬರೀ ಕೇಳು. ಯಾವ ವಾದ್ಯ ಮೊದಲು ಬಂತು, ಯಾವಾಗ ನಿಂತಿತು, ಅಷ್ಟು ಗಮನಿಸು. ಆಮೇಲೆ ಅವರು ಸಿನಿಮಾ ಅಲ್ಲದೆ ಬೇರೆ ಏನು ಮಾಡಿದ್ದಾರೆ ಅಂತ ಹೆಸರು ಹಾಕಿ ಹುಡುಕು. ಅವಳು ಅಂಗೈ ಮೇಲೆ ಏನೋ ಬರೆದುಕೊಂಡಳು.

ನಾನು ಸ್ಪೀಕರ್ ವೈರ್ ಸುತ್ತುತ್ತಿದ್ದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ತಾನ ನಾ ತಾನ ನಾನ ನಾ ಅಂತ ಗುನುಗುತ್ತಿದ್ದರು. ಮೆಟ್ಟಿಲ ತನಕ ಹೋದವರು ವಾಪಸ್ ಬಂದರು.

"ಏನಂದ್ರಿ ಅವರ ಹೆಸರು? ವೈದ್ಯನಾಥನ್ ಅಲ್ವಾ? ಮನೆಗೆ ಹೋಗಿ ನಮ್ಮವರಿಗೆ ಹೇಳ್ಬೇಕು" ಅಂದರು.